ಮೇಲೆ ಎಂದರೆ ಮುಂದೆ

ಡ್ರಮ್‌ಕೀಲ್, ಕ್ಯಾವನ್
ಮಾರ್ಚ್ ತಿಂಗಳ ಎರಡನೆಯ ಭಾನುವಾರ

ನನ್ನ ಪ್ರೀತಿಯ ಮಗಳು ಯೂನಳಿಗೆ, ಅವಳ ತಂದೆಯೂ ಡ್ರಮ್‌ಕೀಲ್ ಸೈಕಲ್ ಸಂಘದ ಕ್ಯಾಪ್ಟನ್ನನೂ ಆದ ಫೆಲಿಮ್ ಮಕ್ಯಾಬ್ ವಿನಯಪೂರ್ವಕವಾಗಿ ಮಾಡಿಕೊಳ್ಳುವ ಅರಿಕೆ:

ಈ ಮೊದಲ ಸಾಲನ್ನು ಓದಿದ ಕೂಡಲೇ ನೀನು ನಗುವೆಯೆಂದು ಬಲ್ಲೆ. ನಕ್ಕರೆ ನನಗೆ ಸಂತೋಷವೇ. ಡಬ್ಲಿನ್ನಿನಲ್ಲಿ ಓದುತ್ತಿದ್ದಾಗ ನನ್ನ ಕಾಗದ ಕೈಸೇರಿದ ದಿನವೇ ನೀನು ಫೋನು ಮಾಡಿ, "ಅಪ್ಪಾ, ಇದು ನಂಗೆ ಬರೆದಿದ್ದೋ ಜಿಲ್ಲಾ ಮಂಡಳಿಗೋ? ಕೊನೇಲಿ 'ಸೂಕ್ತ ಕ್ರಮಕ್ಕಾಗಿ' ಅಂತ ಬೇರೆ ಇದೆ!" ಎಂದು ಕಾಡಿಸುತ್ತಿದ್ದೆ. ಏನು ಮಾಡಲಿ, ನಾನು ಬರೆಯಲು ಕಲಿತದ್ದೇ ಹಾಗೆ. ಹಾಲಿನ ಡೇರಿಯ ಗುಮಾಸ್ತರು ನಮ್ಮ ದಾರಿಗಳಿಗೆ ಡಾಂಬರು ಬೇಡಿ ಮಂಡಳಿಗೆ ಕಳುಹಿಸುತ್ತಿದ್ದ ಅರ್ಜಿಗಳನ್ನು ಎಳೆಯ ವಯಸ್ಸಿನಲ್ಲಿ ನಕಲು ಮಾಡಿ ಮಾಡಿ ನನ್ನ ಕೈ ಆ ಅಚ್ಚಿಗೆ ಒಗ್ಗಿಹೋಯಿತು. ಇಂದು ಸಂತೋಷವಾಗಲಿ ಸಂಕಟವಾಗಲಿ, ಅದು ಅರ್ಜಿಯ ರೂಪದಲ್ಲಿಯೇ ನನ್ನಿಂದ ಹೊರಡುತ್ತದೆ. ಡಾಂಬರು ಬಂದದ್ದು ಆ ಬರವಣಿಗೆಯಿಂದಲೇ ಎಂಬ ಹೆಮ್ಮೆಯೂ ನನಗೆ ಇಲ್ಲದಿಲ್ಲ.

ಈ ಕಾಗದಕ್ಕೆ ಕಾರಣಳು ನಿನ್ನ ತಾಯಿ. ಶುಕ್ರವಾರ ನಿನ್ನ ಮನೆಗೆ ಬ್ರೆಡ್ಡು ಕೊಟ್ಟು ಹಿಂತಿರುಗಿದವಳು ಕೋಟನ್ನು ಕಳಚುವ ಮೊದಲೇ, "ರಸ್ತೆ ಗುಂಡಿಗೆ ಮಾರುದ್ದ ಕಾಗದ ಬರೀತೀಯ. ಹೆತ್ತ ಮಗಳಿಗೆ ಒಂದು ಬರಿಯೋಕೆ ಕೈ ನೋಯತ್ತಾ?" ಎಂದು ಕೇಳಿದಳು. ಉತ್ತರವಾಗಿ ನಾನು ಒಲೆಗೆ ಕಟ್ಟಿಗೆ ಹಾಕಿದೆನು. ಆದರೆ ಆ ಮಾತು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ವಿಷಯ ನಿನಗೆ ತಿಳಿದದ್ದೇ ಆದರೂ, ಅರಿಕೆಯಲ್ಲಿ ವಿಷಯವನ್ನು ಹೇಳಲೇಬೇಕಾಗುತ್ತದೆ. ನಮ್ಮ 'ಏಳು ಕೆರೆಗಳ ಸುತ್ತ'ನ್ನು ಅಧಿಕೃತ ಸೈಕಲ್ ಮಾರ್ಗವೆಂದು ಗುರುತಿಸಿ, ಕವಲುದಾರಿಗಳಲ್ಲೆಲ್ಲ ಕಂದು ಬಣ್ಣದ ಫಲಕ ನೆಡಲು ಮಂಡಳಿಯವರು ಕಡೆಗೂ ಒಪ್ಪಿದ್ದಾರೆ. ನಿನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ಕಾಲದಿಂದಲೂ ನಾನು ಕೇಳುತ್ತಾ ಬಂದ ಮಾರ್ಗವಿದು. ನಮ್ಮ ದಿಣ್ಣೆಗಳನ್ನು ನೋಡಿ, ಯಾರೋ ಹಸಿರು ಕಂಬಳಿ ಹೊದ್ದು ಮೊಣಕಾಲು ಮಡಚಿ ಮಲಗಿದ್ದಾರೆ, ಮಂಡಿಗಳ ಸಂದಿನಲ್ಲಿ ನೀರು ನಿಂತಿದೆ ಎಂದು ಆಗ ನೀನೇ ಹೇಳಿದ್ದೆ. ಆ ಮಾತನ್ನು ನಾನು ಒಂದು ಅರ್ಜಿಯಲ್ಲಿ ಸೇರಿಸಿಯೂ ಇದ್ದೆ. ಮಂಡಳಿಯವರು ಅದರ ಬಗ್ಗೆ ಏನೂ ಬರೆಯಲಿಲ್ಲ.

ಮಾರ್ಗಕ್ಕೆ ಬಂದಿರುವುದು ಒಂದೇ ಆಕ್ಷೇಪಣೆ. ಅದು ನಿನ್ನದು. ನಿನ್ನ ಗೇಟಿನ ಮುಂದಿನ ಸುಣ್ಣದ ಗೂಡಿನ ತಿರುವಿನಲ್ಲಿ ಫಲಕ ನೆಡಕೂಡದು, ಅಪರಿಚಿತರನ್ನು ಆ ದಾರಿಗೆ ಕರೆಯಕೂಡದು ಎಂದು ಬರೆದಿದ್ದೀಯೆ. ಅದನ್ನು ಈ ತಿಂಗಳ ಕೊನೆಯೊಳಗೆ ಹಿಂತೆಗೆದುಕೊಳ್ಳದಿದ್ದರೆ ಇಡೀ ಸುತ್ತು ಮತ್ತೆ ಕಪಾಟು ಸೇರುತ್ತದೆ. ಆ ಕಪಾಟಿನಿಂದ ಅದು ಹೊರಬರುವುದನ್ನು ನೋಡಲು ನನ್ನ ವಯಸ್ಸಿನವನು ಇರುತ್ತಾನೋ ಇಲ್ಲವೋ. ಆದ್ದರಿಂದ, ಹಿಂತೆಗೆದುಕೊಳ್ಳಬೇಕೆಂದು ಕೋರುತ್ತಾ, ಕಾರಣಗಳನ್ನು ಕ್ರಮವಾಗಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಸೆಪ್ಟೆಂಬರಿನ ಅಪಘಾತದಲ್ಲಿ ತಿರುವಿನ ತಪ್ಪು ಏನೂ ಇಲ್ಲ. ನಮ್ಮ ಅಪ್ಪಂದಿರು ಅಲ್ಲಿ ಹುಲ್ಲಿನ ಬಂಡಿ ಹೊಡೆದಿದ್ದಾರೆ. ಬೇಲಿಯ ಮುಳ್ಳುಗಿಡ ದಾರಿಗೆ ಚಾಚಿರುವುದು ನಿಜ. ಕತ್ತರಿಸುವಂತೆ ಬರೆಯಬಹುದು.

ಎರಡನೆಯದಾಗಿ, ಕೂಗಿನ ತಪ್ಪೂ ಇಲ್ಲ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಬೇಡುತ್ತೇನೆ, ಏಕೆಂದರೆ ನೀನು ಇದನ್ನು ನನ್ನ ಬಾಯಿಂದ ಪೂರ್ತಿಯಾಗಿ ಎಂದೂ ಕೇಳಿಸಿಕೊಂಡಿಲ್ಲ.

ನಮ್ಮ ಸಂಘದವರು ಇಬ್ಬಿಬ್ಬರಾಗಿ ಜೋಡಿಸಾಲಿನಲ್ಲಿ ಸವಾರಿ ಮಾಡುವವರು. ಎದುರಿನಿಂದ ವಾಹನ ಬಂದರೆ ಮುಂದಿರುವವನು "ಮೇಲೆ!" ಎಂದು ಕೂಗುತ್ತಾನೆ, ಕೂಗು ಬಾಯಿಂದ ಬಾಯಿಗೆ ಕೊನೆಯವರೆಗೆ ಸಾಗುತ್ತದೆ. ಹಿಂದಿನಿಂದ ಬಂದರೆ ಕೊನೆಯವನು "ಕೆಳಗೆ!" ಎನ್ನುತ್ತಾನೆ. ನಮ್ಮ ಸೀಮೆಯಲ್ಲಿ ಮುಂದಿನ ದಾರಿ ಯಾವಾಗಲೂ ಏರುದಾರಿಯೇ. ಆದ್ದರಿಂದ ಮೇಲೆ ಎಂದರೆ ಮುಂದೆ. ನನ್ನ ಹಿಂದಿನ ಕ್ಯಾಪ್ಟನ್ನನೂ ಅವನ ಹಿಂದಿನವನೂ ಹೀಗೆಯೇ ಕೂಗಿದರು. ಆದರೆ ನಿನ್ನ ಗಂಡ ಕಹಲ್ ಸೈಕಲ್ ಕಲಿತದ್ದು ನಮ್ಮ ನಾಡನ್ನು ಎರಡಾಗಿ ಸೀಳಿದ ಗಡಿಯಾಚೆ, ಫರ್ಮಾನ ಸೀಮೆಯಲ್ಲಿ. ಅಲ್ಲಿನ ಸಂಘಗಳಲ್ಲಿ "ಮೇಲೆ" ಎಂದರೆ ಗಾಡಿ ಮೈಮೇಲೆ ಬಂತು, ಅಂದರೆ ಹಿಂದಿನಿಂದ ಬಂತು ಎಂದರ್ಥ. ಅವರ ಕೆರೆಯೂ ನಮ್ಮ ಕೆರೆಯೂ ಒಂದೇ ಹೊಳೆಯ ನೀರನ್ನು ಕುಡಿಯುತ್ತವೆ. ಮಾತು ಮಾತ್ರ ತಲೆಕೆಳಗು.

ಸೆಪ್ಟೆಂಬರಿನ ಆ ಭಾನುವಾರ ಕಹಲ್ ಮೊದಲ ಬಾರಿ ನಮ್ಮ ಸಾಲಿನಲ್ಲಿ ಅತಿಥಿಯಾಗಿ ಬಂದಿದ್ದನು. ಹೊರಡುವಾಗ ಪಬ್ಬಿನ ಬಾರ್ನಿ ಲಿಂಚ್ ಅವನ ಹೊಸ ಹೆಲ್ಮೆಟ್ ನೋಡಿ, "ಏನಯ್ಯಾ ಅಳಿಯ, ಮೊಟ್ಟೆ ಒಡೆಯದ ಹಾಗೆ ಪ್ಯಾಕ್ ಮಾಡ್ಕೊಂಡ್ ಬಂದಿದೀಯ!" ಎಂದನು. ಎಲ್ಲರೂ ನಕ್ಕರು, ಅವನೂ ನಕ್ಕನು. ನನ್ನ ಹಿಂದೆಯೇ, ಸಾಲಿನ ಹೊರಬದಿಯಲ್ಲಿ ಬರಲು ನಾನೇ ಹೇಳಿದೆನು. ಅಳಿಯನಿಗೆ ಅದು ಮರ್ಯಾದೆಯ ಜಾಗವೆಂದು ಬಗೆದೆನು. ಸುಣ್ಣದ ಗೂಡಿನ ತಿರುವಿನಲ್ಲಿ ಗೊಬ್ಬರದ ಟ್ಯಾಂಕರ್ ಎಳೆದುಕೊಂಡು ಟ್ರಾಕ್ಟರ್ ಎದುರಾಯಿತು. ನಾನು "ಮೇಲೆ!" ಎಂದು ಕೂಗಿದೆನು. ನಮ್ಮವರೆಲ್ಲ ಎಡಕ್ಕೆ ಬೇಲಿಯತ್ತ ಸರಿದರು. ಕಹಲ್ ಹಿಂದಿನಿಂದ ಏನೋ ಬರುತ್ತಿದೆಯೆಂದು ಬಲಭುಜದ ಮೇಲಿಂದ ತಿರುಗಿ ನೋಡಿದನು. ತಲೆ ಬಲಕ್ಕೆ ತಿರುಗಿದರೆ ಸೈಕಲ್ಲೂ ಬಲಕ್ಕೆ ವಾಲುತ್ತದೆ. ಮುಂದಿನದನ್ನು ನಾನು ಬರೆಯುವುದಿಲ್ಲ. ನೀನು ಕಿಟಕಿಯಲ್ಲಿದ್ದೆ.

ಆದ್ದರಿಂದ ನಾನು ಕೂಗಿದ್ದು ಸರಿ. ಅವನು ಕೇಳಿಸಿಕೊಂಡದ್ದೂ ಸರಿ. ಆಸ್ಪತ್ರೆಯಲ್ಲಿ ಸೊಂಟಕ್ಕೆ ಕಬ್ಬಿಣ, ಮಣಿಕಟ್ಟಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದವನೇ ನನಗೆ ಸಮಾಧಾನ ಹೇಳಿದನು: "ಬಿಡಿ ಕ್ಯಾಪ್ಟನ್. ನಿಮ್ದೂ ತಪ್ಪಲ್ಲ, ನಂದೂ ಅಲ್ಲ. ಗಡೀದು ತಪ್ಪು. ನಮ್ ದೇಶದಲ್ಲಿ ಎಲ್ಲಾದಕ್ಕೂ ಅದೇ ತಾನೆ?" ಆಮೇಲೆ, ನೋವಿನ ಗುಳಿಗೆಯ ಮಂಪರಿನಲ್ಲಿ, "ಸುಮ್ನೆ 'ಮುಂದೆ', 'ಹಿಂದೆ' ಅಂತ ಕೂಗಿದ್ರೆ ಏನು ಗಂಟು ಹೋಗತ್ತೆ?" ಎಂದೂ ಕೇಳಿದನು. ಆ ಮಾತು ಅಂದು ನನಗೆ ರುಚಿಸಲಿಲ್ಲ. ಹಿರಿಯರ ಕೂಗನ್ನು ಒಬ್ಬ ಅತಿಥಿ ತಿದ್ದುವುದೇ ಎನಿಸಿತು.

ಮೂರನೆಯದಾಗಿ — ಮೂರನೆಯ ಕಾರಣವೊಂದನ್ನು ಬೆಳಿಗ್ಗೆ ಯೋಚಿಸಿಟ್ಟುಕೊಂಡಿದ್ದೆನು. ಈಗ ಅದು ನೆನಪಿಗೆ ಬರುತ್ತಿಲ್ಲ. ಅದರ ಜಾಗದಲ್ಲಿ ಆಸ್ಪತ್ರೆಯ ಮೊಗಸಾಲೆಯೇ ಬಂದು ನಿಲ್ಲುತ್ತದೆ.

ನೀನು ಗಮ್‌ಬೂಟಿನಲ್ಲಿಯೇ ಓಡಿಬಂದಿದ್ದೆ. ನೀನು ಬಾಯಿ ತೆರೆಯುವ ಮೊದಲೇ ನಾನು, "ನಾನು ಸರಿಯಾಗೇ ಕೂಗ್ದೆ, ಯೂನ" ಎಂದೆನು. ನೀನು ನನ್ನ ಮುಖ ನೋಡಿ, "ಅಪ್ಪಾ, ಅವನು ಬದುಕಿದಾನಾ?" ಎಂದು ಕೇಳಿದೆ. ಅದರ ನಂತರ ನಮ್ಮಿಬ್ಬರ ನಡುವೆ ಮಾತಿಲ್ಲ. ನಿನ್ನ ತಾಯಿ ಹೋಗುತ್ತಾಳೆ, ಬರುತ್ತಾಳೆ. ನಾನು ಕಾರಿನಲ್ಲಿ ಕುಳಿತು ಪತ್ರಿಕೆ ಓದುತ್ತೇನೆ. ಕಹಲನ ದೋಣಿ ರಿಪೇರಿಯ ಶೆಡ್ಡಿಗೆ ಬೀಗ ಬಿದ್ದಿರುವುದು ಕಾರಿನಿಂದಲೇ ಕಾಣುತ್ತದೆ. ಅವನಿಗೆ ಇನ್ನೂ ಮಂಡಿಯೂರಿ ಕೂರಲಾಗುವುದಿಲ್ಲ, ಮಂಡಿಯೂರದೆ ದೋಣಿಯ ತಳಕ್ಕೆ ಕೈ ತಲುಪುವುದಿಲ್ಲ ಎಂದು ನಿನ್ನ ತಾಯಿ ಹೇಳಿದ್ದಾಳೆ.

ಇಷ್ಟಾದರೂ ಅವನ ಮನಸ್ಸಿನಲ್ಲಿ ನಂಜಿಲ್ಲ ಎಂಬುದಕ್ಕೆ ಸಾಕ್ಷ್ಯವನ್ನು ಈ ಸಂದರ್ಭದಲ್ಲಿ ಹಾಜರುಪಡಿಸಬಯಸುತ್ತೇನೆ. ಕಳೆದ ಗುರುವಾರ, ನೀನು ಪೇಟೆಗೆ ಹೋಗಿದ್ದಾಗ, ನಿನ್ನ ಗೇಟಿನ ಬಳಿ ನನ್ನ ಸೈಕಲ್ಲಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗುತ್ತಿದ್ದ ನನ್ನನ್ನು ಕಹಲ್ ಕಂಡು, ಊರುಗೋಲಿನ ಮೇಲೆ ಗೇಟಿನವರೆಗೆ ಬಂದು, ತನ್ನ ಪಂಪನ್ನೇ ತಂದುಕೊಟ್ಟನು. "ಒಳಗೆ ಬನ್ನಿ ಕ್ಯಾಪ್ಟನ್, ಟೀ ಇದೆ" ಎಂದೂ ಕರೆದನು. ನನಗೆ ಹೊತ್ತಾಗಿತ್ತು. ಗಾಯಗೊಂಡವನೇ ಇಷ್ಟು ದೊಡ್ಡ ಮನಸ್ಸು ಮಾಡಿರುವಾಗ, ಮನೆಯವಳೂ ಸ್ವಲ್ಪ ಮನಸ್ಸು ಮಾಡಬಾರದೇ ಎಂಬುದೇ ನನ್ನ ಪ್ರಶ್ನೆ.

ಸಂಘದಲ್ಲಿ ನಿನ್ನ ಆಕ್ಷೇಪಣೆಯ ಸುದ್ದಿ ಹಬ್ಬಿದೆ. ಯಾರೂ ನನ್ನ ಮುಂದೆ ಆಡುವುದಿಲ್ಲ, ಬಾರ್ನಿಯನ್ನು ಬಿಟ್ಟರೆ. ಚರ್ಚಿನ ಸಭಾಂಗಣದಲ್ಲಿ ಟೀ ಕುಡಿಯುವಾಗ, "ಒಳ್ಳೇದೇ ಆಯ್ತು ಬಿಡು. ಬೋರ್ಡ್ ಹಾಕಿದ್ರೆ ಯಾರೂ ದಾರಿ ತಪ್ಪಲ್ಲ. ದಾರಿ ತಪ್ಪದೇ ಹೋದ್ರೆ ನನ್ ಪಬ್‌ಗೆ ಯಾವನು ಬರ್ತಾನೆ?" ಎಂದನು. ಬಳಿಕ, ಸ್ಯಾಂಡ್‌ವಿಚ್ಚಿನ ಅಂಚನ್ನು ಕೀಳುತ್ತಾ, ತಗ್ಗಿದ ದನಿಯಲ್ಲಿ, "ಫೆಲಿಮ್, ನಿಂಗೆ ಬೋರ್ಡ್ ಬೇಕಾ, ಮಗಳು ಬೇಕಾ?" ಎಂದು ಕೇಳಿದನು. ಎರಡಕ್ಕೂ ಸಂಬಂಧವಿಲ್ಲ, ಎರಡು ವಿಷಯಗಳನ್ನು ಒಂದೇ ಅರ್ಜಿಯಲ್ಲಿ ಬೆರೆಸಬಾರದು ಎಂದು ನಾನು ಉತ್ತರಿಸಿದೆನು. ಉತ್ತರ ನಿಯಮಬದ್ಧವಾಗಿಯೇ ಇತ್ತು. ಆದರೂ ಅಂದು ಟೀ ಪೂರ್ತಿ ಕುಡಿಯಲಾಗಲಿಲ್ಲ.

ಆದಕಾರಣ, ಮೇಲ್ಕಂಡ ಸಂಗತಿಗಳನ್ನೆಲ್ಲ ಸಹಾನುಭೂತಿಯಿಂದ ಪರಿಶೀಲಿಸಿ, ನಿನ್ನ ಆಕ್ಷೇಪಣೆಯನ್ನು ಹಿಂತೆಗೆದುಕೊಂಡು, ಏಳೂ ಕೆರೆಗಳನ್ನು ಒಂದೇ ದಾರಿಯಲ್ಲಿ ಕಟ್ಟುವ ಈ ಮಾರ್ಗಕ್ಕೆ ಅವಕಾಶ ಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ನಿನ್ನ ತಾಯಿ ಕ್ಷೇಮ. ಮನೆಯ ಮುಂದಿನ ಕೆರೆಗೆ ಹಂಸಗಳು ಹಿಂತಿರುಗಿವೆ.

ಇಂತಿ ಅರಿಕೆದಾರ,
ನಿನ್ನ ಅಪ್ಪ,
ಫೆಲಿಮ್ ಮಕ್ಯಾಬ್

ಮರೆತ ಮಾತು: ಲಕೋಟೆಯನ್ನು ಅಂಟಿಸಿದ್ದೆನು. ಮತ್ತೆ ಬಿಚ್ಚಿದ್ದೇನೆ.

ಗುರುವಾರ ಪಂಕ್ಚರ್ ಆಗಿರಲಿಲ್ಲ. ಸೆಪ್ಟೆಂಬರಿನಿಂದ ಇಂದಿನವರೆಗೆ ನಾನು ಆ ತಿರುವನ್ನು ಸೈಕಲ್ಲಿನ ಮೇಲೆ ದಾಟಿಲ್ಲ. ಸಾಲಿನವರನ್ನು ಬೇರೆ ದಾರಿಯಲ್ಲಿ ಕರೆದೊಯ್ಯುತ್ತೇನೆ. ಒಬ್ಬನೇ ಬಂದಾಗ ಸುಣ್ಣದ ಗೂಡಿನ ಹತ್ತಿರ ಇಳಿದು, ನಿನ್ನ ಬೇಲಿ ಮುಗಿಯುವವರೆಗೆ ತಳ್ಳಿಕೊಂಡು ನಡೆಯುತ್ತೇನೆ. ಕಹಲ್ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದೆನು. ಅವನು ಬಗ್ಗಿ ಹಿಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದನು. ಅದು ಕಲ್ಲಿನಂತಿತ್ತು. "ಹೌದು ಕ್ಯಾಪ್ಟನ್, ಒಂಚೂರು ಗಾಳಿ ಕಮ್ಮಿ ಇದೆ" ಎಂದು, ಊರುಗೋಲನ್ನು ಗೇಟಿಗೆ ಒರಗಿಸಿ, ಕುಂಟುತ್ತಾ ಪಂಪು ತರಲು ಹೋದನು. ತುಂಬಿದ್ದ ಚಕ್ರಕ್ಕೆ ನಾವಿಬ್ಬರೂ ಗಾಳಿ ಹೊಡೆದೆವು.

ನಾನೇ ಸವಾರಿ ಮಾಡಲಾರದ ತಿರುವಿಗೆ ಅಪರಿಚಿತರನ್ನು ಕರೆಯುವ ಫಲಕ ನೆಡಿಸುವುದು ಹೇಗೆ? ಅವರು ಯಾವ ಸೀಮೆಯ ಕೂಗನ್ನು ಕಲಿತು ಬರುತ್ತಾರೋ ಬಲ್ಲವರಾರು? ಆ ತಿರುವನ್ನು ಬಿಟ್ಟು ಆರು ಕೆರೆಗಳಾದರೂ ಸುತ್ತು ಸುತ್ತೇ. ಈಸ್ಟರಿನಿಂದ ನಮ್ಮ ಸಾಲಿನಲ್ಲಿ "ಮುಂದೆ", "ಹಿಂದೆ" ಎಂದೇ ಕೂಗಬೇಕೆಂದು ಸಂಘದಲ್ಲಿ ಹೇಳಿದ್ದೇನೆ. ಈಗಿನ ಅಭ್ಯಾಸದಲ್ಲಿ ಬಾರ್ನಿ ಇನ್ನೂ ತಪ್ಪುತ್ತಾನೆ.

ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳಬೇಡ. ಶುಕ್ರವಾರ ನಿನ್ನ ತಾಯಿಯೊಡನೆ ಬರುತ್ತೇನೆ, ಕಾರಿನಲ್ಲಿ ಕೂರುವುದಿಲ್ಲ. ಆಕ್ಷೇಪಣೆಯ ಪ್ರತಿಯಲ್ಲಿ ನಿನ್ನ ಸಹಿಯ ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿರು.