ಬಲ್ಬಿಗೆ ಹುಟ್ಟಿದ ಕೂದಲು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಗುಂಡೀ,

ಹೇಗಿದ್ದೀಯಮ್ಮ? ನೆಗಡಿ ಬಿಟ್ಟಿತೇ? ಗಿರಣಿಯ ಕ್ಯಾಂಟೀನಿನ ಊಟ ಒಗ್ಗಿತೋ, ಇಲ್ಲ ಇನ್ನೂ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ತಳ್ಳುತ್ತಿದ್ದೀಯೋ? ಇಪ್ಪತ್ತಾರು ವರ್ಷದ, ಬಟ್ಟೆ ಗಿರಣಿಯಲ್ಲಿ ಬಣ್ಣ ಪರೀಕ್ಷೆ ಮಾಡುವ ಹೆಣ್ಣುಮಗಳನ್ನು ಇನ್ನೂ ಗುಂಡಿ ಎಂದು ಕರೆಯಬೇಡಿ ಎಂದು ನಿನ್ನಮ್ಮ ಹೇಳುತ್ತಲೇ ಇರುತ್ತಾಳೆ. ಎರಡು ವರ್ಷದವಳಿದ್ದಾಗ ಗಿರಾಕಿಯ ಕೋಟಿನ ಗುಂಡಿ ನುಂಗಿ, ಅದು ಹೊರಗೆ ಬರುವವರೆಗೆ ಎರಡು ದಿನ ನಮ್ಮಿಬ್ಬರನ್ನೂ ಕಾಯಿಸಿದವಳಿಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ನಿನ್ನಮ್ಮ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ, ಅದಕ್ಕೆ ಕಾರಣ ನೀನು.

ಮೂರು ತಿಂಗಳ ಹಿಂದೆ, ನೀನು ಕೆಲಸಕ್ಕೆ ಹೊರಡುವ ಹಿಂದಿನ ದಿನ, ನನ್ನನ್ನು ಒಂದು ಮಾತೂ ಕೇಳದೆ ಏಣಿ ಹತ್ತಿ ಮನೆಯ ಹನ್ನೊಂದು ಹ್ಯಾಲೊಜೆನ್ ಬಲ್ಬುಗಳನ್ನೂ ಬಿಚ್ಚಿ ಎಲ್‌ಇಡಿ ಹಾಕಿಬಿಟ್ಟೆಯಲ್ಲ, ಅವತ್ತಿನಿಂದ ಇದು ಮನೆಯಲ್ಲ, ಹಲ್ಲಿನ ಡಾಕ್ಟರ ಕೋಣೆ. ಕರೆಂಟು ಉಳಿಯುತ್ತದೆ ಎಂದೆ. ವರ್ಷಗಟ್ಟಲೆ ಬಾಳಿಕೆ ಬರುತ್ತದೆ ಎಂದೆ. ‘ಬೆಳಕು ಜಾಸ್ತಿ ಇದ್ರೆ ನಿಂಗೇ ಒಳ್ಳೇದಲ್ವಾ ಅಪ್ಪಾ’ ಎಂದು ಏಣಿಯ ಮೇಲಿಂದಲೇ ಸಮಾಧಾನ ಮಾಡಿದೆ. ಯಾರಿಗಮ್ಮ ಒಳ್ಳೆಯದು? ಸ್ವಿಚ್ಚು ಒತ್ತಿದರೆ ಯಾರೋ ಮುಖಕ್ಕೆ ಸುಣ್ಣದ ನೀರು ಎರಚಿದ ಹಾಗಾಗುತ್ತದೆ. ತಟ್ಟೆಯಲ್ಲಿರುವ ಟೊಮೆಟೊ ನೋಡಿದರೆ ಪಕ್ಕಕ್ಕೆ ತಳ್ಳಿಬಿಡುತ್ತೇನೆ. ಮೊಟ್ಟೆ ಯಾವುದು, ತಟ್ಟೆ ಯಾವುದು ಗೊತ್ತಾಗುವುದಿಲ್ಲ. ಮೊನ್ನೆ ಬೆರಳಿನಿಂದ ತಡಕಾಡಿ ತಿಂದೆ, ನಿನ್ನಮ್ಮ ನಕ್ಕಳು. ನನ್ನ ಕೈಯನ್ನೇ ನೋಡಿಕೊಂಡರೆ ಬೇಯಿಸಿ ಸಿಪ್ಪೆ ಸುಲಿದ ಹಾಗೆ ಕಾಣುತ್ತದೆ. ಥೂ!

ಅದಕ್ಕಿಂತ ಅಸಹ್ಯ ಇನ್ನೊಂದಿದೆ. ನೀನು ತಂದ ಬಲ್ಬುಗಳಿಗೆ ಕೂದಲು ಹುಟ್ಟಿದೆ. ನಗಬೇಡ. ಪ್ರತಿಯೊಂದು ಬಲ್ಬಿನ ಸುತ್ತ ಬಿಳಿ ಕೂದಲು, ಎಣ್ಣೆ ಕಾಣದೆ ನಿಗುರಿ ನಿಂತ ಕೂದಲು. ಹನ್ನೊಂದಕ್ಕೂ ಇದೆ, ಬಚ್ಚಲುಮನೆಯದಕ್ಕೆ ಎಲ್ಲಕ್ಕಿಂತ ಉದ್ದ. ಕಳಪೆ ಮಾಲು ತಂದುಕೊಟ್ಟು ಹೋಗಿದ್ದೀಯ ಎಂದು ನಿನ್ನಮ್ಮನಿಗೆ ತೋರಿಸಿದರೆ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತು ಬಲ್ಬು ನೋಡಿದಳು, ನನ್ನನ್ನು ನೋಡಿದಳು, ‘ನಂಗೇನೂ ಕಾಣ್ತಿಲ್ಲ ಕಣ್ರೀ’ ಎಂದಳು. ಪಕ್ಕದ ಮನೆ ಮೇಷ್ಟ್ರನ್ನು ಕರೆದು ತೋರಿಸಿದೆ. ಅವರು ‘ಎಷ್ಟು ಚೆನ್ನಾಗಿದೆ ಬೆಳಕು, ಸೂಜಿ ಬಿದ್ರೂ ಸಿಗುತ್ತೆ’ ಎಂದು ಬಾಯ್ತುಂಬ ಹೊಗಳಿ, ಕಾಫಿ ಕುಡಿದು ಹೋದರು. ಅವರಿಗೆ ಇನ್ನು ಮುಂದೆ ಕಾಫಿ ಕೊಡಬೇಡ ಎಂದು ಹೇಳಿದ್ದೇನೆ. ನಮ್ಮ ಬೆಕ್ಕೊಂದೇ ನನ್ನ ಕಡೆ. ಹನ್ನೆರಡು ವರ್ಷ ನನ್ನ ಕೆಲಸದ ಮೇಜಿನ ದೀಪದ ಕೆಳಗೆ ಬೆಚ್ಚಗೆ ಮಲಗಿದ ಪ್ರಾಣಿ, ಹೊಸ ಬಲ್ಬಿನ ಕೆಳಗೆ ಒಂದು ಸಲ ಕೂತು, ಕಾವೇ ಇಲ್ಲವೆಂದು ತಿಳಿದು, ಮೂಗು ಮುರಿದು ಎದ್ದುಹೋಯಿತು. ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಿಕೊಂಡೇನು. ಆದರೆ ಈ ಬೆಳಕು ನನ್ನ ಕೆಲಸಕ್ಕೇ ಕೈ ಹಾಕಿತು ನೋಡು, ಅದನ್ನು ಹೇಗೆ ಸಹಿಸಲಿ? ಹರಿದ ಬಟ್ಟೆಗೆ ನೂಲು ನೇಯ್ದು ರಫೂ ಮಾಡುವವನ ಬದುಕು ಏನೆಂದು ನಿನಗೆ ಬೇರೆ ಹೇಳಬೇಕೇ? ಬಟ್ಟೆಯ ಒಳಮಡಿಕೆಯಲ್ಲಿ ಬಿಡಿ ನೂಲು ಸಿಕ್ಕರೆ ಸರಿ, ಸಿಗದಿದ್ದರೆ ನಮ್ಮ ಪೆಟ್ಟಿಗೆಯಿಂದ ಹೊಂದಿಸಬೇಕು. ಹರಿದದ್ದು ಎಲ್ಲಿ ಎಂದು ಬಟ್ಟೆಯ ಯಜಮಾನನೇ ಹುಡುಕಿ ಸೋಲಬೇಕು. ನನ್ನ ಪೆಟ್ಟಿಗೆಯಲ್ಲಿ ಕಪ್ಪು ರೀಲುಗಳೇ ನಲವತ್ತಿವೆ, ನೀಲಿಗಪ್ಪಿನಿಂದ ಕಂದುಗಪ್ಪಿನವರೆಗೆ, ಒಂದರಂತೆ ಇನ್ನೊಂದಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಬಟ್ಟೆಯೂ ವಾಪಸು ಬಂದಿರಲಿಲ್ಲ. ಈಗ ಬಂತು.

ವಾದ್ಯವೃಂದದ ಕ್ಲಾರಿನೆಟ್ಟಿನವರು ನಿನಗೆ ಗೊತ್ತಲ್ಲ, ಉದ್ದ ಕುತ್ತಿಗೆಯವರು, ಬಂದಾಗಲೆಲ್ಲ ನಿನಗೆ ಪೆಪ್ಪರ್‌ಮಿಂಟು ಕೊಡುತ್ತಿದ್ದರು. ಅವರ ಕಪ್ಪು ಕೋಟಿನ ಮೊಣಕೈ ಸವೆದಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾಲ್ಕು ದಿನ ಕೂತು ಮುಗಿಸಿದೆ. ನೀನಿರುವಾಗ ಪಕ್ಕದಲ್ಲಿ ಕೂತು ‘ಸೂಜಿಗೆ ದಾರ ನಾನು ಹಾಕ್ಕೊಡ್ತೀನಿ, ನೀನು ಹೊಲಿ ಅಪ್ಪಾ’ ಎನ್ನುತ್ತಿದ್ದೆ. ನಿಜವಾದ ಕೆಲಸ ತಪ್ಪಿಸಿಕೊಳ್ಳುವ ಸೋಮಾರಿ ಉಪಾಯ ಅದೆಂದು ನನಗೆ ಗೊತ್ತಿದ್ದರೂ ಸುಮ್ಮನಿರುತ್ತಿದ್ದೆ. ನೀನು ಹೋದ ಮೇಲೆ ನಿನ್ನಮ್ಮ ಅದೇ ರಾಗ ತೆಗೆದಳು, ದಾರ ಹಾಕಿಕೊಡಲೇ ಎಂದು. ‘ನಂಗೇನು ಸೂಜಿ ಕಣ್ಣು ಕಾಣಲ್ವಾ, ಹೋಗೇ’ ಎಂದು ಗದರಿ ಓಡಿಸಿದೆ. ಕೋಟು ಹೋಯಿತು. ಹೋದ ವಾರ ವಾಪಸು ಬಂತು. ವೇದಿಕೆಯ ದೀಪ ಬಿದ್ದ ಕೂಡಲೇ ಮೊಣಕೈಯಲ್ಲಿ ಅಂಗೈಯಗಲ ನೀಲಿ ಎದ್ದು ಕಂಡಿತಂತೆ, ಹಿಂದಿನ ಸಾಲಿನ ಪಿಟೀಲಿನವರು ಮುಸಿಮುಸಿ ನಕ್ಕರಂತೆ. ಆ ಮನುಷ್ಯ ಬೈದಿದ್ದರೆ ಚೆನ್ನಾಗಿತ್ತು. ಕೋಟನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ‘ಈ ಸಲ ಬೇರೆಯವರ ಕೈಲಿ ಮಾಡಿಸಿದ್ರಾ ಸಾರ್?’ ಎಂದು ಕೇಳಿದರು. ನಾನು ನಿಂತಲ್ಲೇ ನೆಲಕ್ಕಿಳಿದುಹೋದೆ ಗುಂಡೀ. ಹೌದು ಎಂದು ಸುಳ್ಳು ಹೇಳಿಬಿಟ್ಟೆ. ಆ ಸುಳ್ಳು ಇನ್ನೂ ಬಾಯಲ್ಲಿ ಕಹಿಯಾಗಿ ಕೂತಿದೆ.

ಇದೆಲ್ಲ ಬಲ್ಬಿನ ಕೆಲಸ ಎಂದರೆ ನಿನ್ನಮ್ಮ ಒಪ್ಪುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬರೋಣ ಎನ್ನುತ್ತಾಳೆ. ಬಲ್ಬು ಕೆಟ್ಟದ್ದಾದರೆ ಕಣ್ಣಿಗೇಕೆ ಔಷಧಿ? ಅವಳ ಬಾಯಿ ಮುಚ್ಚಿಸಲೆಂದೇ ನನ್ನ ರಟ್ಟುಗಳ ಡಬ್ಬಿ ತೆಗೆದೆ. ಪ್ರತಿ ಬಟ್ಟೆಗೂ ಒಂದು ರಟ್ಟಿನ ತುಂಡು, ಅದರ ಮೇಲೆ ಆ ಬಟ್ಟೆಯದೇ ಎರಡೆಳೆ ನೂಲು, ಪಕ್ಕದಲ್ಲಿ ನಾನು ಆರಿಸಿದ ದಾರ ಒಂದು ಸುತ್ತು, ಕೆಳಗೆ ತಾರೀಕು. ನನ್ನ ಗುರುಗಳು ಕಲಿಸಿದ ಪದ್ಧತಿ. ಹ್ಯಾಲೊಜೆನ್ ಇದ್ದಾಗಿನ ರಟ್ಟುಗಳನ್ನು ನೋಡು, ಒಂದಾದರೂ ತಪ್ಪಿದೆಯೇ ಹೇಳು ಎಂದು ಸವಾಲು ಹಾಕಿದೆ. ಅವಳು ಡಬ್ಬಿಯನ್ನು ಕಿಟಕಿಯ ಹತ್ತಿರ ಒಯ್ದು ಒಂದೊಂದೇ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮುಚ್ಚಳ ಹಾಕಿ, ಡಬ್ಬಿಯನ್ನು ಅದರ ಜಾಗದಲ್ಲೇ ಇಟ್ಟು ಅಡುಗೆಮನೆಗೆ ಹೋದಳು. ಸೋತವರು ಹಾಗೇ ಹೋಗುವುದು.

ಇನ್ನು ನನ್ನ ಗೆಲುವಿನ ಸುದ್ದಿ ಕೇಳು. ಬೀದಿಯ ಕೊನೆಯ ಎಲೆಕ್ಟ್ರಿಕ್ ಅಂಗಡಿಯವನನ್ನು ಹ್ಯಾಲೊಜೆನ್ ಕೇಳಿದರೆ, ಅವನು ತನ್ನ ತಾತನನ್ನು ನೋಡುವ ಹಾಗೆ ನನ್ನನ್ನು ನೋಡಿ ‘ಅದೆಲ್ಲ ಈಗ ಬರಲ್ಲ ಯಜಮಾನ್ರೇ’ ಎಂದ. ಬರುವುದಿಲ್ಲವಂತೆ! ಮನೆಗೆ ಬಂದು ಇದ್ದಬದ್ದ ಡ್ರಾಯರುಗಳನ್ನೆಲ್ಲ ಜಾಲಾಡಿದೆ. ಹೊಲಿಗೆ ಮೆಷಿನ್ನಿನ ಕೆಳಗೆ, ನಿನ್ನ ಹಳೆಯ ಕಾಲುಚೀಲದೊಳಗೆ, ಒಂದೇ ಒಂದು ಸಿಕ್ಕಿತು. ಹಾಕಿದೆ. ಧೂಳು ಸುಟ್ಟ ಆ ಹಳೆಯ ವಾಸನೆ ಬಂತು, ಕಾವು ಬಂತು, ಹಿಂದೆಯೇ ಬೆಕ್ಕೂ ಬಂತು. ಕೂದಲಿದ್ದರೂ ತುಸುವೇ, ಅದೂ ಹೊಂಬಣ್ಣದ್ದು, ಕಣ್ಣಿಗೆ ಚುಚ್ಚುವುದಿಲ್ಲ. ಮೊಣಕೈಯನ್ನು ಪೂರ್ತಿ ಬಿಚ್ಚಿ, ನಲವತ್ತು ಕಪ್ಪಿನಲ್ಲಿ ಸರಿಯಾದ ಕಪ್ಪನ್ನು ಹುಡುಕಿ, ಮತ್ತೆ ನೇಯ್ದೆ. ನಿನ್ನೆ ಸಂಜೆ ಮುಗಿಯಿತು. ಎಲ್ಲಿ ಹರಿದಿತ್ತೆಂದು ನನಗೇ ಕಾಣಲಿಲ್ಲ. ನಿನ್ನಮ್ಮ ನೋಡುತ್ತೇನೆಂದು ಬಂದಳು. ನಾನು ಆಗಲೇ ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಇಟ್ಟಿದ್ದೆ, ಬಿಚ್ಚಲು ಬಿಡಲಿಲ್ಲ. ನಾಳೆ ಕ್ಲಾರಿನೆಟ್ಟಿನವರು ಬಂದು ಒಯ್ಯಲಿ, ಶುಕ್ರವಾರ ವೇದಿಕೆಯ ಮೇಲೆ ಹಾಕಿಕೊಳ್ಳಲಿ, ಆಗ ತಪ್ಪು ಯಾರದೆಂದು ಎಲ್ಲರಿಗೂ ತಿಳಿಯುತ್ತದೆ.

ಆದ್ದರಿಂದ ಈ ಕಾಗದ ತಲುಪಿದ ಕೂಡಲೇ ನೀನು ಮಾಡಬೇಕಾದದ್ದು ಇಷ್ಟೇ. ಉಳಿದ ಹತ್ತು ಬಲ್ಬು ಎಲ್ಲಿ ಬಚ್ಚಿಟ್ಟಿದ್ದೀಯೆಂದು ಬರೆ. ಮಗಳು ಹಾಕಿದ್ದೆಂದು ಮೂರು ತಿಂಗಳು ಈ ಕೂದಲು ಬಲ್ಬುಗಳ ಕೆಳಗೆ ಬಾಳಿದ್ದೇನೆ, ಇನ್ನು ನನ್ನಿಂದ ಆಗದು. ಈ ಕೆಲಸ ಕೈಬಿಟ್ಟರೆ ನಾನು ಬೆಳಗ್ಗೆ ಎದ್ದು ಎಲ್ಲಿ ಕೂರಲಿ, ಅದನ್ನಾದರೂ ಯೋಚನೆ ಮಾಡಿದೆಯಾ?

ಹೊತ್ತಿಗೆ ಸರಿಯಾಗಿ ತಿನ್ನು. ತಲೆಗೆ ಸ್ನಾನ ಮಾಡಿದ ದಿನ ಒದ್ದೆ ಕೂದಲಿನಲ್ಲಿ ಗಿರಣಿಗೆ ಓಡಬೇಡ. ನಿನ್ನಮ್ಮ ಬೆಚ್ಚನೆಯ ಅಂಗಿಯೊಂದನ್ನು ಕಳಿಸುತ್ತಾಳಂತೆ. ಸಿಟ್ಟು ಎಷ್ಟಿದ್ದರೂ ನಿನಗೆ ಒಳ್ಳೆಯದಾಗಲಿ ಎಂಬುದನ್ನು ಬಿಟ್ಟು ಬೇರೆ ಹರಸಲು ನನಗೆ ಬರುವುದಿಲ್ಲ.

ನಿನ್ನ
ಅಪ್ಪ

ತಾ.ಕ.: ಮಂಗಳವಾರ. ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಗೀಚುತ್ತಿದ್ದೇನೆ. ಮೇಲಿನದನ್ನೆಲ್ಲ ಹರಿದುಹಾಕಲು ಹೊರಟಿದ್ದೆ, ‘ಹಾಗೇ ಹೋಗ್ಲಿ, ಅವಳೂ ಓದ್ಲಿ’ ಎಂದು ನಿನ್ನಮ್ಮ ಕಿತ್ತುಕೊಂಡಳು. ನಿನ್ನೆ ಮಧ್ಯಾಹ್ನ ಕ್ಲಾರಿನೆಟ್ಟಿನವರು ಬಂದು ಕೋಟನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ನಿನ್ನಮ್ಮ ಬಂದು ನೋಡಿ ‘ಮತ್ತೆ ನೀಲಿ ರೀ’ ಎಂದಳು. ನನಗೆ ಬಿಸಿಲಿನಲ್ಲೂ ಅದು ಕಪ್ಪೇ. ಸಂಜೆ ಡಾಕ್ಟರಮ್ಮನ ಹತ್ತಿರ ಹೋದೆವು. ನಾನು ಬಾಯಿ ಬಿಡುವ ಮೊದಲೇ ‘ದೀಪದ ಸುತ್ತ ಕೂದಲು ಕೂದಲಾಗಿ ಕಾಣುತ್ತಾ?’ ಎಂದು ಕೇಳಿದರು. ಎರಡೂ ಕಣ್ಣಿಗೆ ಪೊರೆ. ಬಲಿತು ಹಳದಿಯಾಗಿದೆಯಂತೆ, ನೀಲಿ ಬಣ್ಣ ಒಳಗೆ ದಾಟುವುದೇ ಇಲ್ಲವಂತೆ. ಬರುವ ದಾರಿಯಲ್ಲಿ ನಿನ್ನಮ್ಮ ಉಳಿದದ್ದನ್ನೂ ಹೇಳಿದಳು. ಕಳೆದ ಎರಡು ವರ್ಷದ ರಟ್ಟುಗಳಲ್ಲಿ ಇಪ್ಪತ್ತಮೂರು ತಪ್ಪಿವೆ. ಬಟ್ಟೆಗಳು ಮಾತ್ರ ಒಂದೂ ತಪ್ಪಲಿಲ್ಲ. ನಾನು ತೆಗೆದಿಟ್ಟ ರೀಲನ್ನು ಬಿಟ್ಟು, ನಿನ್ನ ಮಡಿಲಲ್ಲಿದ್ದ ಸರಿಯಾದ ರೀಲಿನಿಂದ ನೀನು ಸೂಜಿಗೆ ದಾರ ಹಾಕಿಕೊಡುತ್ತಿದ್ದೆಯಂತೆ. ಸೋಮಾರಿ ಎಂದು ಬರೆದಿದ್ದೇನೆ, ಹೊಟ್ಟೆಗೆ ಹಾಕಿಕೋ. ಬಲ್ಬಿನ ಮೇಲಿದ್ದ ಹೇಸಿಗೆಯೆಲ್ಲ ಈಗ ನನ್ನ ಮೇಲೆಯೇ ಬಂದಿದೆ. ಕ್ಲಾರಿನೆಟ್ಟಿನವರಿಗೆ ನಿಜ ಹೇಳಿದೆ. ನಿನ್ನಮ್ಮ ಆರಿಸಿಕೊಟ್ಟ ದಾರದಲ್ಲಿ ಮೊಣಕೈ ಮತ್ತೆ ನೇಯುತ್ತಿದ್ದೇನೆ. ಬರುವ ವಾರ ಗುರುವಾರ ಬಲಗಣ್ಣಿನ ಆಪರೇಷನ್, ಶುಕ್ರವಾರ ಪಟ್ಟಿ ಬಿಚ್ಚುತ್ತಾರೆ. ಆವತ್ತು ನೀನಿಲ್ಲಿ ಇರಬೇಕು. ಆಗಲೂ ಆ ಬಲ್ಬು ಹೇಸಿಗೆಯಾಗಿಯೇ ಕಂಡರೆ ನೀನೇ ಏಣಿ ಹತ್ತಿ ಕಿತ್ತುಹಾಕು. ನಲವತ್ತು ಕಪ್ಪನ್ನೂ ಮೇಜಿನ ಮೇಲೆ ಸಾಲಾಗಿ ಇಡು, ನಾನು ಆರಿಸುತ್ತೇನೆ. ತಪ್ಪಿದರೆ ಬಾಯಿಬಿಟ್ಟು ಹೇಳು ಗುಂಡೀ, ಇನ್ನು ಮಡಿಲಲ್ಲಿ ರೀಲು ಬಚ್ಚಿಟ್ಟುಕೊಳ್ಳಬೇಡ.