ಕೆರೆಯ ಚಿತ್ರದಲ್ಲಿ ಕುಳಿತವಳು

ನನ್ನ ಯಜಮಾನರಿಗೆ,

ನೀವಿದ್ದಾಗ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಬರೆಯಲೂ ಕೈ ಏಳುತ್ತಿಲ್ಲ. ಮಾತು ಎಲ್ಲಿಯಾದರೂ ಬಿರುಸೆನಿಸಿದರೆ ಸಹಿಸಿಕೊಳ್ಳಿ.

ಮಳೆಗಾಲ ಮುಗಿದು ಕೆರೆ ತುಂಬಿತೆಂದರೆ ನಿಮ್ಮ ಕಾಲು ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಜಮಖಂಡಿಯ ಪೇಟೆಯಲ್ಲಿ ಮದುವೆಯವರ ಫೋಟೋ ತೆಗೆಯುವುದು ನಿಮಗೆ ಹೊಟ್ಟೆಪಾಡು. ಮನಸ್ಸೆಲ್ಲ ಗುಡ್ಡಗಳ ನಡುವಿನ ಆ ಕೆರೆಯಲ್ಲಿ. ನಸುಕಿನಲ್ಲಿ ಕ್ಯಾಮೆರಾದ ಪೆಟ್ಟಿಗೆಯನ್ನು ನೀವು, ಅದರ ಮೂರುಕಾಲಿನ ಸ್ಟ್ಯಾಂಡನ್ನು ನಾನು ಹೊತ್ತು ಗುಡ್ಡ ಹತ್ತುತ್ತಿದ್ದೆವು. ನೀರಿನಂಚಿನ ಬಂಡೆಯ ಮೇಲೆ ನಿಮಗೆ ಬೆನ್ನು ಮಾಡಿ ನನ್ನನ್ನು ಕೂರಿಸುತ್ತಿದ್ದಿರಿ.

"ನೀ ಕುಂತ್ರ ಗುಡ್ಡ ಎಷ್ಟ ದೊಡ್ಡದೈತಿ ಅಂತ ತಿಳೀತೈತಿ."

"ಕುಂತ್ರ ಅಲ್ಲ, ಕುಳಿತರೆ."

"ಅಕ್ಕಾರ, ನಿಮ್ಮ ಸಾಲಿ ಊರಾಗ. ಇಲ್ಲಿ ತುಟಿ ಸುದ್ದಾ ಅಲಗಬಾರದು." ಶಾಲೆಯಲ್ಲಿ ಮಕ್ಕಳು ನನ್ನನ್ನು ಕರೆಯುವಂತೆ ನೀವೂ ಅಕ್ಕಾರ ಎಂದು ಚೇಷ್ಟೆ ಮಾಡುತ್ತಿದ್ದಿರಿ.

ಕುರಿಗಳಿಗೆ ನೀರು ಕುಡಿಸಲು ಬಂದವನೊಬ್ಬ ಒಮ್ಮೆ ನನ್ನನ್ನು ನೋಡಿ ನಿಂತದ್ದು ನೆನಪಿದೆಯೇ? "ಏನ್ರೀ ಅಕ್ಕಾರ, ಕೆರಿ ಕಾಯಾಕ ಕುಂದರ್ಸ್ಯಾರೇನ್ರಿ? ನೀರ ಯಾರೂ ಕದಿಯಂಗಿಲ್ಲ ಬಿಡ್ರಿ." ನಾನು ನಗುವಂತಿರಲಿಲ್ಲ, ನಕ್ಕರೆ ನಿಮ್ಮ ಚಿತ್ರ ಕೆಡುತ್ತಿತ್ತು.

ಆಗ ನಮ್ಮ ಸೀಮೆಯನ್ನಾಳುತ್ತಿದ್ದ ಮುಂಬಯಿ ಸರಕಾರದ ಆಜ್ಞೆ ನಮ್ಮ ಮನೆಗೆ ಬಂದ ಸಂಜೆ ನೀವು ದೀಪದ ಬಳಿ ಹೋಗಿ ಅದನ್ನು ಓದಿದಿರಿ. ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಮುಖ್ಯಾಧ್ಯಾಪಿಕೆಯಾಗಿ ನೇಮಿಸಿದ್ದರು. ಸೋಮವಾರ ಹಾಜರಾಗದಿದ್ದರೆ ಹುದ್ದೆ ಇನ್ನೊಬ್ಬರ ಪಾಲು. "ಛಲೋ ಆತು" ಎಂದಿರಿ. ಹೋಗು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಕೇಳಿದಾಗಲೆಲ್ಲ "ಈ ಚಿತ್ರ ಮುಗೀಲಿ, ಆಮ್ಯಾಲೆ ಮಾತಾಡೂಣು" ಎಂಬ ಉತ್ತರ. ಕೆರೆಯ ಮೇಲಿನ ಮೋಡವೋ, ಚದುರುತ್ತಿರಲಿಲ್ಲ.

ಆ ಸೋಮವಾರ ನನ್ನ ಟ್ರಂಕೂ ಕೆರೆಗೆ ಬಂದಿತ್ತು. ಬನಹಟ್ಟಿಯ ಬಸ್ಸು ಆಚೆ ದಂಡೆಯ ರಸ್ತೆಯಲ್ಲೇ ಹಾಯುತ್ತಿತ್ತು. ಕೈ ಮಾಡಿದರೆ ನಾವು ಕೆರೆ ಸುತ್ತಿ ಬರುವವರೆಗೆ ನಿಲ್ಲುತ್ತಿತ್ತು. "ಒಂದ ಗಳಿಗಿ ಕೂಡು. ಬೆಳಕ ಬಿದ್ದ ಕೂಡ್ಲೆ ನಾನ ಹತ್ತಸ್ತೇನಿ" ಎಂದಿರಿ. ಕುಳಿತೆ. ಮೋಡ ಸರಿಯಿತು, ನೀರೆಲ್ಲ ಹೊಳೆಯಿತು.

"ಆಯಿತೇನ್ರಿ?"

"ಇನ್ನಾ ಇಲ್ಲ."

ಧೂಳೆಬ್ಬಿಸುತ್ತ ಬಸ್ಸು ಕಾಣಿಸಿತು.

"ಇನ್ನಾ ಇಲ್ಲ. ಕೈ ಎತ್ತಬ್ಯಾಡ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ಆಗ ನಿಮ್ಮ ಕ್ಯಾಮೆರಾ ಟಕ್ ಎಂದಿತು.

ಬಸ್ಸು ಬರುವ ಮೊದಲಿದ್ದ ಬೆಳಕಿಗೂ ಅದು ಹೋದ ಮೇಲಿನ ಬೆಳಕಿಗೂ ನನಗೆ ಭೇದ ಕಾಣಲಿಲ್ಲ. ನಿಮಗೆ ಕಂಡಿತ್ತೇ? ಅಥವಾ ಅಷ್ಟು ಹೊತ್ತು ನೀವು ಕಾದದ್ದು… ಏಳಬಹುದಿತ್ತಲ್ಲ, ಯಾರು ನಿನ್ನನ್ನು ಕಟ್ಟಿಹಾಕಿದ್ದರು ಎನ್ನುತ್ತೀರಿ. ಗಂಡನ ಚಿತ್ರ ಕೆಡಿಸಿ ನೌಕರಿಗೆ ಓಡಿದವಳೆಂದು ಓಣಿಯೆಲ್ಲ ಆಡಿಕೊಂಡಿದ್ದರೆ ನಾನು ಯಾವ ಮುಖದಿಂದ ಮಕ್ಕಳಿಗೆ ಪಾಠ ಹೇಳಬೇಕಿತ್ತು?

ಚಿತ್ರ ಪಡಸಾಲೆಯ ಗೋಡೆ ಸೇರಿದ ದಿನದಿಂದ ಬಂದವರೆಲ್ಲ "ಎಷ್ಟ ಶಾಂತ ಕುಂತಾರ್ರಿ" ಎಂದು ನಿಮ್ಮನ್ನು ಹೊಗಳಿದರು. ಅದರ ಕೆಳಗೇ ಕುಳಿತು, ನಿವೃತ್ತಳಾಗುವವರೆಗೂ ಸಹಶಿಕ್ಷಕಿಯಾಗಿಯೇ, ನಾನು ಮಕ್ಕಳ ಉತ್ತರಪತ್ರಿಕೆ ತಿದ್ದಿದೆ. ಚಹಾ ತಂದಿಡುವಾಗಲೂ ಆ ಬೆನ್ನು ಕಣ್ಣಿಗೆ ಬೀಳುತ್ತಿತ್ತು.

ನೀವು ಕೇಳದ ಸುದ್ದಿಯೊಂದಿದೆ. ಹೋದ ವಾರ ಆ ಚಿತ್ರವನ್ನಿಳಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸು ಹತ್ತಿ ಬನಹಟ್ಟಿಯ ಆ ಶಾಲೆಗೆ ಕೊಟ್ಟುಬಂದೆ. ಈಗಿನ ಮುಖ್ಯಾಧ್ಯಾಪಿಕೆ ಚಿಕ್ಕ ವಯಸ್ಸಿನವರು. ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಅದನ್ನು ತೂಗುಹಾಕಿಸಿದರು.

"ಕುಂತಾಕಿ ಯಾರ್ರಿ, ಅಕ್ಕಾರ?"

"ನಾನು."

"ಮಾರಿನ ಕಾಣಂಗಿಲ್ಲಲ್ರಿ. ಏನ ನೋಡಾಕತ್ತಿದ್ರಿ?"

"ಬಸ್ಸು ಹೋದ ದಾರಿಯನ್ನು" ಎಂದೆ. ನಿಮ್ಮ ಮೇಲೆ ದೂರೇನೂ ಹೇಳಲಿಲ್ಲ.