ಮೂಕಿ ಬೀಗತಿ ಹಾಡು

ಅತ್ತಿ,

ತೀರ್ಥರೂಪ, ಸಾಷ್ಟಾಂಗ ಅಂತೆಲ್ಲಾ ಶುರು ಮಾಡಂಗಿಲ್ಲ. ನೀ ಜೀವಂತ ಇದ್ದಾಗ ಮಾತಿಗೊಮ್ಮಿ 'ಹೌದ್ರಿ, ಆತ್ರಿ' ಅಂದು ಅಂದು ನನ್ನ ನಾಲಿಗಿ ಸವದು ಹೋಗಿತ್ತು. ಈಗ ನೀ ಅಂತೇನಿ. ಸಿಟ್ಟು ಬಂದ್ರ ಎದ್ದು ಬಾ, ನಾ ಇಲ್ಲೇ ಇದ್ದೇನಿ. ನಾರಾಯಣಪುರದ ಹೊಲದಾಗ ನಿನ್ನ ಮಣ್ಣು ಮಾಡಿ ವರ್ಷದ ಮ್ಯಾಲ ಆತು. ಹೋದ ತಿಂಗಳು ನಿನ್ನ ಮೊಮ್ಮಗ ಮಲ್ಲೂನ ಮದವಿ ಮಾಡಿದ್ವಿ. ಆ ಮದವ್ಯಾಗ ಏನಾತು ಅಂತ ಬ್ಯಾರೆ ಯಾರಿಗಿ ಹೇಳಿದ್ರೂ ನನ್ನ ಹೊಟ್ಟಿ ತಣ್ಣಗ ಆಗಂಗಿಲ್ಲ. ನಿನಗ ಹೇಳಬೇಕು. ಅದಕ್ಕ ಮೊದಲ ನನ್ನ ಮದವಿ ನೆನಸಬೇಕು. ನೀ ಮರ್ತಿರಬೇಕು. ಹೊಡದಾಕಿ ಮರೀತಾಳ, ಹೊಡಸ್ಕೊಂಡಾಕಿ ಮರೀತಾಳೇನು?

ಹುಮನಾಬಾದದಾಗ ನಮ್ಮ ಮನಿ ಮುಂದ ಅರಿಷಿಣದ ಶಾಸ್ತ್ರ. ನೀ ನಿಮ್ಮೂರ ಹೆಂಗಸರನ್ನ ಟೆಂಪೋದಾಗ ತುಂಬ್ಕೊಂಡು ಬಂದಿದ್ದಿ. ನಿಮ್ಮವರು ಒಂದು ಕಡಿ, ನಮ್ಮವರು ಒಂದು ಕಡಿ, ಎದುರಾಬದುರಾ ಕುಂತ್ರು. ಬೀಗರ ಹಾಡು ಶುರು. ಗಂಡಿನವರು ಹಾಡಿನಾಗ ಬೈಬೇಕು, ಹೆಣ್ಣಿನವರು ಹಾಡಿನಾಗ ತಿರಗಿ ಕೊಡಬೇಕು. ಆದ್ರ ಮೊದಲ ಉತ್ತರ ಹುಡುಗೀನ ಹಡದಾಕಿ ಬಾಯಿಂದ ಬರಬೇಕು, ಅಕಿ ಬಾಯಿ ತೆರದ ಮ್ಯಾಲೇ ಉಳದವರು ದನಿ ಕೂಡಿಸಬೇಕು ಅನ್ನೋದು ರಿವಾಜು. ನಮ್ಮವ್ವ ಎಲ್ಲಿದ್ಳು? ಒಳಗ, ಬಾಗಲ ಹಿಂದ. ಗಂಡ ಸತ್ತಾಕಿ ಶುಭ ಕಾರ್ಯದಾಗ ಮುಂದ ಕೂಡಬಾರದಲ್ಲ! ಶರಣರ ನೆಲ, ಸಮಾನತೆಯ ನೆಲ ಅಂತ ಮೈಕ್ ಹಿಡದು ಒದರೋ ಕಲ್ಯಾಣ ಅಲ್ಲೇ ಪಕ್ಕದಾಗ ಅದ, ನಮ್ಮ ಹೆಂಗಸರಿಗಿ ಮಾತ್ರ ಅದು ಕೇಳಸಂಗಿಲ್ಲ. ಇದು ನಿನಗ ಗೊತ್ತಿತ್ತು. ಗೊತ್ತಿದ್ದೂ ಸೊಂಟದ ಮ್ಯಾಲ ಕೈ ಇಟ್ಕೊಂಡು ಎತ್ತಿದಿ:

ಸಕ್ಕರಿ ತಂದೇವ ಬಾಯಿ ತೆರಿ ಬೀಗತಿ
ಬಾಯಾಗ ನಾಲಿಗಿಲ್ಲ ಮೂಕಿ ಬೀಗತಿ
ಮೂಕಿ ಹಡದ ಮಗಳಿಗಿ ಮಾತ ಕಲಸಾಕ
ನಮ್ಮನಿ ಗಿಳೀನ ಕಳಸೇವ ಬೀಗತಿ

ನಿಮ್ಮವರೆಲ್ಲಾ ಹೋ ಅಂತ ನಕ್ರು. ನಮ್ಮವರು ಒಬ್ಬರ ಮಾರಿ ಒಬ್ಬರು ನೋಡ್ಕೊಂಡು ಕುಂತ್ರು. ನಾ ಮೈತುಂಬ ಅರಿಷಿಣ ಹಚ್ಕೊಂಡು ಮಣೀ ಮ್ಯಾಲ ಕುಂತಾಕಿ, ಕಣ್ಣಾಗಿನ ನೀರು ಒರಸ್ಕೊಳ್ಳಾಕ ಕೈ ಎತ್ತಂಗಿಲ್ಲ. ನೀ ಅದನ್ನ ಮತ್ತ ಮತ್ತ ಹಾಡಿದಿ. ನನ್ನ ಬೈದಿದ್ರ ನಾ ಯಾವಾಗೋ ಮರೀತಿದ್ದೆ, ಅತ್ತಿ. ನೀ ಬೈದದ್ದು ಬಾಗಲ ಹಿಂದಿನಾಕಿಗಿ.

ನಿನ್ನ ಮನಿಗಿ ಸೊಸಿಯಾಗಿ ನಡ್ಯಾಕ ಬರುವಾಗ ನನ್ನ ಜೋಡಿ ಒಂದು ಸಣ್ಣ ರೇಡಿಯೋ ತಂದಿದ್ನಿ. ನೆನಪದ ಏನು, ಅದರ ಸೆಲ್ಲು ಬೀಳಬಾರದು ಅಂತ ರಬ್ಬರ್ ಹಾಕಿ ಕಟ್ಟಿದ್ನಿ? ನಾ ಜೋಳಾ ತೊಗರಿ ಮಾರೋ ಅಡತ್ ಬಜಾರದ ಹಿಂದಿನ ಓಣ್ಯಾಗ ಬೆಳದಾಕಿ. ಎದುರಿನ ಚಾದ ಹೋಟೆಲ್ದಾಗ ಮುಂಜಾನಿಂದ ಸಿನಿಮಾ ಹಾಡು. ಹದಿನಾರರಾಗ ನನಗ ಅಳೋ ಹಾಡಂದ್ರ ಪ್ರಾಣ. ದುಃಖ ಅಂದ್ರ ಏನಂತ ಗೊತ್ತಿಲ್ಲ, ಆದ್ರೂ ಯಾರೋ ಯಾರನ್ನೋ ಬಿಟ್ಟು ಹೋದ ಹಾಡು ಬಂತಂದ್ರ ಜೋಳಾ ಹಸನ ಮಾಡೋ ಮೊರ ಕೈಯಾಗ ಹಂಗೇ ನಿಲ್ತಿತ್ತು. ನಿನ್ನ ಅಡಗಿ ಮನ್ಯಾಗ ಅವೇ ಹಾಡು ಹಚ್ಚಿದ್ರ ನೀ ಏನಂದಿ? 'ಆ ಡಬ್ಬಿ ಯಾಕ ಅಳಾಕತ್ತದ? ಹಸದಿರಬೇಕು, ಒಂದು ತುತ್ತು ಹಾಕು.' ಓಣಿ ಹೆಂಗಸರ ಮುಂದ 'ನಮ್ಮ ಸೊಸಿ ಹಾಡಂಗಿಲ್ಲವ್ವಾ, ಬಾಡಿಗಿ ಹಾಡು ತರ್ತಾಳ' ಅಂದಿ. ನಾ ನಕ್ಕಂಗ ಮಾಡಿದ್ನಿ. ಒಳಗೊಳಗ ಆಣಿ ಇಟ್ಟಿದ್ನಿ: ಸತ್ರೂ ನಿನ್ನ ಹಾಡು ನನ್ನ ಬಾಯಾಗ ಬರಬಾರದು.

ಮಲ್ಲು ಹುಟ್ಟಿದ ಮ್ಯಾಲ ಅಳೋ ಹಾಡು ಬ್ಯಾಸರ ಆದ್ವು. ಮನಿ ತುಂಬ ಖರೆ ಅಳು ಇರುವಾಗ ಸುಳ್ಳ ಅಳು ಯಾರಿಗಿ ಬೇಕು? ಆವಾಗ ಕುಣಿಯೋ ಹಾಡು ಹಿಡಿಸಿದ್ವು. ರೊಟ್ಟಿ ಬಡಿಯೋ ಕೈಗಿ ತಾಳ ಸಿಗ್ತಿತ್ತು, ಅಷ್ಟ. ಮುಂದ ಮುಂದ ಅವೂ ಸಪ್ಪಗ ಆದ್ವು. ಪ್ರತಿ ಹಾಡಿನಾಗೂ ಒಬ್ಬಾಂವ ನಿನ್ನ ಸಲವಾಗಿ ಸಾಯ್ತೀನಿ ಅಂತಾನ. ಇಷ್ಟು ವರ್ಷ ಕೇಳಿದ್ನಿ, ಒಬ್ಬನರೆ ಸತ್ತನೇನು? ಒಂದಿನ ರೇಡಿಯೋ ಕೆಟ್ತು. ರಿಪೇರಿಗಿ ಕೊಡಬೇಕು ಅಂತ ನನಗ ಅನಸಲೇ ಇಲ್ಲ.

ನಲವತ್ತು ದಾಟಿದ ಮ್ಯಾಲ ಒಂದ್ಸಲ ತೊಗರಿ ಹೊಲದಾಗ ಕಳೆ ತಗ್ಯಾಕತ್ತಿದ್ನಿ. ಬಿಸಲು ಏರಿತ್ತು. ಏನೋ ಒಂದು ಗುನಗಾಕತ್ತಿದ್ನಿ. ಪಕ್ಕದ ಸಾಲಿನಾಕಿ ನಕ್ಕು, 'ಏನವ್ವಾ, ಥೇಟ್ ಅತ್ತಿ ಗಂಟಲಾ!' ಅಂದ್ಳು. ಆವಾಗ ಕೇಳಿಸ್ಕೊಂಡ್ನಿ ನಾ ಏನು ಹಾಡಾಕತ್ತೇನಿ ಅಂತ. ಮೂಕಿ ಬೀಗತಿ. ನನ್ನ ಬಾಯಾಗ! ಥೂ ಅಂತ ಉಗುಳಿ ನೀರು ಕುಡದ್ನಿ. ಉಗುಳಿದ್ರ ಹೋಗ್ತದೇನು ಅದು? ನಾ ಕಲ್ತಿದ್ದಿಲ್ಲ. ನೀ ಬೀಸುವಾಗ, ಕುಟ್ಟುವಾಗ, ಊರಾಗಿನ ಮದವ್ಯಾಗ ಹಾಡಿದ್ದೆಲ್ಲಾ ಈ ಕಿವಿ ನನಗ ಹೇಳದ ಕೇಳದ ಕಲ್ತು ಇಟ್ಕೊಂಡಿತ್ತು. ಅದಕ್ಕಿಂತ ಹೊಟ್ಟಿ ಉರಿಯೋ ಮಾತು ಇನ್ನೊಂದದ. ಆ ಹಾಡು ಚಲೋ ಅನಸಾಕತ್ವು. ಅವುಗಳಾಗಿನ ನೀರಮಜ್ಜಿಗಿ ಕೊಟ್ಟ ಅತ್ತಿ, ಸೋರೋ ಮಾಳಗಿ, ಕಳ್ಳ ಬೆಕ್ಕು, ಸಿಡಕ ಗಂಡ — ಎಲ್ಲಾ ನಾ ಕಂಡದ್ದು. ನಿನ್ನ ಕಂಡ್ರ ನನಗ ಆಗಂಗಿಲ್ಲ, ನಿನ್ನ ಹಾಡು ಬೇಕು. ಇಂಥಾ ಶಿಕ್ಷಾ ಯಾವ ವೈರಿಗೂ ಬ್ಯಾಡ.

ಮಾವ ಹೋದ ಮ್ಯಾಲ ನಿನ್ನ ತಮ್ಮನ ಮಗಳ ಮದವಿ ಬಂತು. ನೀ ಹೊಸ ಕುಬಸ ತೊಟ್ಕೊಂಡು ಎಲ್ಲರಿಗಿಂತ ಮುಂದ ಹೋದಿ, ಮುಂದ ಕೂಡಾಕ ಹೋದಿ. ಆವಾಗ ಯಾರೋ ಒಬ್ಬಾಕಿ ಮೆತ್ತಗ ಅಂದ್ಳು, 'ಚಂದ್ರಮ್ಮಾಯಿ, ನೀವು ಜರಾ ಒಳಗ ಕೂಡ್ರಿ.' ನಿನ್ನ ಮಾರಿ ನಾ ನೋಡಿದ್ನಿ. ನೀನೂ ನನ್ನ ಕಡಿ ನೋಡಿದಿ. ನಾ ಏನರೆ ಅಂತೇನಿ ಅಂತ ಹಾದಿ ನೋಡಿದಿ ಹೌದಿಲ್ಲೋ? ನಾ ಏನೂ ಅನ್ನಲಿಲ್ಲ. ಯಾಕ ಅನ್ನಬೇಕಿತ್ತು? ಆ ಬಾಗಲ ಹಿಂದಿನ ಜಾಗಾ ಹ್ಯಾಂಗಿರ್ತದ ಅಂತ ನಿನಗೂ ಗೊತ್ತಾಗಲಿ ಅಂದ್ಕೊಂಡ್ನಿ. ಇವತ್ತು ಕೇಳಿದ್ರೂ ಅದ ಹೇಳ್ತೇನಿ.

ಅದರ ಮ್ಯಾಲ ನೀ ಹಾಡಲೇ ಇಲ್ಲ. ಹೊರಸಿನ ಮ್ಯಾಲ ಬಿಸಲಿಗಿ ಕುಂತು ಮಲ್ಲೂನ ಫೋನ್ ಕೇಳಾಕ ಹತ್ತಿದಿ. 'ಏ ಮಲ್ಲು, ಆ ನಿಮ್ಮವ್ವನ ಹುಮನಾಬಾದ ಹಾಡು ಹಚ್ಚೋ.' ನನ್ನ ಹದಿನಾರರ ಹಾಡು! ಅವ ಅಳೋ ಹಾಡು! ಕೌದಿ ಒಳಗ ನಿನ್ನ ಹೆಬ್ಬೆರಳು ತಾಳ ಹಾಕೋದು ಕಾಣಸ್ತಿತ್ತು. ಒಮ್ಮೊಮ್ಮಿ ಕಣ್ಣು ಒರಸ್ಕೊತಿದ್ದಿ. 'ಛಂದ ಅಳ್ತಾನವ್ವಾ ಈ ಮಗ' ಅಂದಿ ನನಗ. ಇಷ್ಟು ವರ್ಷ ಬೈದು ಬೈದು ನನ್ನ ಕೈಯಿಂದ ಬಿಡಿಸಿದ ಹಾಡನ್ನ ಕಡಿಗಿ ನೀನ ಎತ್ತಿ ಉಡ್ಯಾಗ ಹಾಕ್ಕೊಂಡಿ. ನನ್ನ ಬಾಯಾಗ ನಿನ್ನ ಹಾಡು ತುರುಕಿ ಹೋದಿ. ಯಾವ ನ್ಯಾಯ ಇದು? ಒಂದೇ ಸೂರಿನ ಕೆಳಗ ಇಬ್ಬರೂ ಒಂದೇ ಹಾಡಿಗಿ ಒಂದಿನಾನರೆ ತಲಿ ದೂಗಿದ್ರ...

ಹೋಗ್ಲಿ. ಮಲ್ಲೂನ ಮದವಿ ಮಾತಿಗಿ ಬರ್ತೇನಿ. ಹುಡುಗಿ ಅಶ್ವಿನಿ, ಕಲ್ಯಾಣದಾಕಿ. ಮಲ್ಲು ಹುಮನಾಬಾದದ ಔಷಧ ಫ್ಯಾಕ್ಟರಿಗಿ ಹೋಗುವಾಗ ದಿನಾ ಒಂದೇ ಬಸ್ಸಿನಾಗ ನೋಡಿ ಮೆಚ್ಚಿದ್ದು. ಅಕಿಗಿ ಅಪ್ಪ ಇಲ್ಲ. ತಾಯಿ ಸುವರ್ಣಾ ಹಾಸ್ಟೆಲ್ದಾಗ ಅಡಗಿ ಮಾಡಿ ಬೆಳಸ್ಯಾಳ. ಅರಿಷಿಣದ ದಿನ ನಾ ನಮ್ಮ ಹೆಂಗಸರನ್ನ ಕರಕೊಂಡು ಅವರ ಮನಿಗಿ ಹೋದ್ನಿ. ಹುಡುಗೂರು ದೊಡ್ಡ ಡಬ್ಬಿ ಹಚ್ಚಿ ಎದಿ ನಡುಗೋ ಹಾಡು ಹಾಕಿದ್ರು. ನಮ್ಮ ಮುದಕೇರು ಅದನ್ನ ಬಂದ್ ಮಾಡಿಸಿ ನನ್ನ ಬೆನ್ನಿಗಿ ಗುದ್ದಿದ್ರು: 'ಏ ಸುಶೀಲಾ, ಎತ್ತ, ನಿಮ್ಮತ್ತಿ ಹಾಡು ಎತ್ತ!'

ಎದುರಿಗಿ ಹೆಣ್ಣಿನವರು ಕುಂತಿದ್ರು. ಹಡದಾಕಿ ಇಲ್ಲ. ನೋಡ್ತೇನಿ, ಸುವರ್ಣಾ ಬಾಗಲ ಹಿಂದ ನಿಂತಾಳ, ಬರೇ ಸೆರಗು ಕಾಣಸ್ತದ. ನನ್ನ ಬಾಯಿ ತೆರೀತು. 'ಸಕ್ಕರಿ ತಂದೇವ...' ಅಂತ ಬಂದೇ ಬಿಟ್ತು. ಅತ್ತಿ, ಅದರ ರುಚಿ ಏನು ಹೇಳ್ಲಿ! ಮೈಯೆಲ್ಲಾ ಝುಂ ಅಂತು. ನಮ್ಮವರು ಆಗಲೇ ನಗಾಕ ತಯಾರ ಆಗಿ ಕುಂತಿದ್ರು. ಇನ್ನೊಂದು ಸಾಲು ಬಿದ್ದಿದ್ರ ಮೂಕಿ ಅನ್ನೋ ಮಾತು ಬೀಳ್ತಿತ್ತು. ಮಣೀ ಮ್ಯಾಲ ಕುಂತ ಹುಡುಗಿ ತಾಯಿ ಕಡಿ ತಿರಗಿ ನೋಡಿದ್ಳು. ಆ ನೋಟ ನನಗ ಗೊತ್ತದ. ಅದು ನನ್ನ ನೋಟ.

ಹಾಡು ಅಲ್ಲೇ ಮುರದ್ನಿ. ಎದ್ದು ಬಾಗಲಿಗಿ ಹೋಗಿ ಸುವರ್ಣಾನ ರಟ್ಟಿ ಹಿಡದು, 'ಬರ್ರಿ ಬೀಗತಿ, ಮುಂದ ಬರ್ರಿ. ನಾ ಬೈತೇನಿ, ನೀವು ತಿರಗಿ ಬೈಬೇಕು' ಅಂದ್ನಿ. ಅಕಿ ಹೌಹಾರಿದ್ಳು. 'ಬ್ಯಾಡ್ರಿ, ನಾ ಹ್ಯಾಂಗ ಬರ್ಲಿ, ನನಗ ನಡ್ಯಂಗಿಲ್ರಿ.' ನಿನ್ನ ಮಗಳು, ನನ್ನ ನಾದನಿ, 'ವೈನಿ, ಅಪಶಕುನ!' ಅಂತ ಚೀರಿದ್ಳು. 'ಅಪಶಕುನಾನ ನನ್ನ ತಲಿ ಮ್ಯಾಲ ಹಾಕು, ನೀ ಬಾಯಿ ಮುಚ್ಕೊಂಡು ಕೂಡು' ಅಂದ್ನಿ. ಇಷ್ಟು ವರ್ಷದಾಗ ನಿನ್ನ ಮಗಳಿಗಿ ಅಂಥಾ ಮಾತು ಅಂದದ್ದು ಅದ ಮೊದಲು. ಸುವರ್ಣಾನ ನನ್ನ ಎದುರಿಗೇ ಕೂಡಿಸಿದ್ನಿ. ಹಗೂರಾಗಿ ಒಂದು ಹಾಡಿನಾಗ ಬೈದ್ನಿ, ನಿಮ್ಮ ಮನಿ ಚಾದಾಗ ಸಕ್ಕರಿ ಇಲ್ಲ ಅಂತ. ಅಕಿ ಸೆರಗು ಸೊಂಟಕ್ಕ ಸಿಗಸಿ ಎತ್ತಿದ್ಳು ನೋಡು:

ಬಾಗಲದಾಗ ನಿಂತಾಳ ನೋಡ ಬೀಗತಿ
ಜಗಳಕ್ಕ ಜೋಳಾ ಹಸನ ಮಾಡ್ಯಾಳ ಬೀಗತಿ
ಮಗನ ಮದವಿಗಂತ ಹೊಸ ಸೀರಿ ಉಟ್ಟಾಳ
ಮಾರೀ ಮ್ಯಾಲಿನ ಸಿಟ್ಟ ಹಳೇದ ಬೀಗತಿ

ಅಯ್ಯ ಶಿವನ! ಏನು ಗಂಟಲು, ಏನು ಆವಾಜು! ಹಾಸ್ಟೆಲ್ದಾಗ ಪಲ್ಯಾ ತಿರುವಿ ತಿರುವಿ ಇಂಥಾ ಹಾಡು ಎಲ್ಲಿ ಮುಚ್ಚಿ ಇಟ್ಟಿದ್ಳೋ. ನನ್ನ ಕಿವಿ ಸುಟ್ಟಂಗ ಆತು. ಹಳೇ ಸಿಟ್ಟು ಅಂತ ಅಕಿಗಿ ಯಾರು ಹೇಳಿದ್ರು? ಯಾರೂ ಹೇಳಿಲ್ಲ, ಮಾರಿ ನೋಡಿ ಓದ್ಯಾಳ. ನಾ ಸೋತ್ನಿ ಅಂತ ಕೈ ಮುಗದ್ನಿ. ನಕ್ಕೊಂತ ಕುಂತ್ನಿ, ಕಣ್ಣಾಗ ನೀರು. ಹುಡುಗಿ ಮಣೀ ಮ್ಯಾಲಿಂದ ಚಪ್ಪಾಳಿ ಬಡದ್ಳು. ಅರಿಷಿಣ ಎಲ್ಲಾ ಹಾರಿ ನನ್ನ ಹೊಸ ಸೀರಿ ಮ್ಯಾಲ ಬಿತ್ತು.

ಇದನ್ನ ಕೇಳಿ ನಿನಗ ನಗಿ ಬರಬಹುದು. ನನಗ ಸಮಾಧಾನ ಆತು ಅಂದ್ಕೊಂಡಿದ್ದಿ ಏನು? ಇಲ್ಲ. ಮರುದಿನ ನಮ್ಮ ದೊಡ್ಡವ್ವ, ನಮ್ಮವ್ವನ ಅಕ್ಕ, ಎಲಿ ಅಡಕಿ ಕುಟ್ಕೊಂತ ಕುಂತಾಕಿ ಒಂದು ಮಾತು ಅಂದ್ಳು. 'ಆ ಬೀಗತಿ ಬೇಷ್ ಹಾಡಿದ್ಳು. ಆದ್ರ ನಿಮ್ಮವ್ವನ ಮುಂದ ಏನೂ ಅಲ್ಲ.' ನಾ ಅಂದ್ನಿ, 'ನಮ್ಮವ್ವ ಹಾಡ್ತಿದ್ಳಾ?' ದೊಡ್ಡವ್ವ ನನ್ನ ಹುಚ್ಚೀನ ನೋಡಿದಂಗ ನೋಡಿದ್ಳು. ನಮ್ಮಪ್ಪ ಇರುವಾಗ ಹುಮನಾಬಾದದ ನಮ್ಮ ಓಣ್ಯಾಗ ಯಾವ ಮದವಿ ಇದ್ರೂ ಅವ್ವನ್ನ ಮುಂದ ಕೂಡಸ್ತಿದ್ರಂತ. ಗಂಡಿನವರು ಅಕಿ ಬಾಯಿಗಿ ಅಂಜಿ ಮೊದಲೇ ಕೈ ಮುಗೀತಿದ್ರಂತ. ಅಪ್ಪ ಹೋದಾಗ ನಾ ಇನ್ನಾ ಕೂಸು, ನನಗ ಹ್ಯಾಂಗ ಗೊತ್ತಾಗಬೇಕು? ನಾ ಕಂಡದ್ದು ಬಾಗಲ ಹಿಂದಿನ ಅವ್ವನ್ನ ಅಷ್ಟ. ಅಕಿ ಸತ್ತು ಎಷ್ಟೋ ವರ್ಷ ಆದ್ವು, ಜೀವಂತ ಇದ್ದಾಗ ಒಂದಿನಾನೂ ನನಗ ಹೇಳಲಿಲ್ಲ.

ದೊಡ್ಡವ್ವ ಇನ್ನೂ ಹೇಳಿದ್ಳು. ನೀ ಮೂಕಿ ಅಂತ ಹಾಡೋ ಹೊತ್ತಿನಾಗ ಅಕಿ ಅವ್ವನ ಪಕ್ಕದಾಗೇ ಇದ್ದಳಂತ. ಅವ್ವನ ಉತ್ತರ ಬಾಯಿತನಾ ಬಂದಿತ್ತಂತ. ಹೊರಗ ಕೇಳಿ ಮಗಳ ಮದವಿಗಿ ಕೇಡು ಆದೀತು ಅಂತ ಸೆರಗಿನ ತುದಿ ಬಾಯಾಗ ತುರುಕ್ಕೊಂಡು ಕುಂತಿದ್ಳಂತ. ಆ ಉತ್ತರ ಏನಿತ್ತು ಅಂತ ಕೇಳಿದ್ನಿ. 'ತುಟಿ ಅಲ್ಲಾಡೋದು ಕಂಡ್ನಿ, ಮಾತು ಕೇಳಸಲಿಲ್ಲ' ಅಂದ್ಳು. ಇನ್ನ ನಾ ಯಾರನ್ನ ಕೇಳ್ಲಿ ಅತ್ತಿ?

ನಿನ್ನ ಹಾಡು ಎಲ್ಲಾ ಅಶ್ವಿನಿಗಿ ಕಲಸ್ತೇನಿ, ಅಕಿ ಕೇಳಿದ್ರ. ಮೂಕಿ ಬೀಗತಿ ಒಂದು ಕಲಸಂಗಿಲ್ಲ. ಅದು ನನ್ನ ಜೋಡಿ ಮಣ್ಣಿಗಿ ಬರ್ತದ. ಈ ಮಾತು ಕೊಡಾಕತ್ತೇನಿ. ಆದ್ರ ನೀ ಒಂದು ಮಾತು ಬರಾಬ್ಬರಿ ತಿಳ್ಕೊ. ಬರ್ರಿ ಬೀಗತಿ ಅಂತ ಒಂದೇ ಒಂದು ಸಲ ನೀ ಬಾಗಲ ಕಡಿ ತಿರಗಿ ಕರದಿದ್ರ, ಆವತ್ತು ನಮ್ಮವ್ವನ ಮುಂದ ನೀ ಸೋಲ್ತಿದ್ದಿ.

ಅಕಿ ಮಗಳು
ಸುಶೀಲಾ